ಏರುತ್ತಲೇ ಸುತ್ತಿ ಬರುವ ಆಯ್ಕೆಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳನ್ನು ಕ್ರಮವಾಗಿ ಸುತ್ತಿ ಮರಳಿ ಇಂಡಿಗೆ ಬಂದೆವೆನ್ನೋಣ. ದಾರಿಯಲ್ಲಿ ಎಷ್ಟು ಏರಿದೆವೋ ಅಷ್ಟೇ ಇಳಿದಿರುತ್ತೇವೆ. ಪ್ರತಿಯೊಂದು ಊರಿಗೂ ಸಮುದ್ರಮಟ್ಟದಿಂದ ಒಂದು ನಿಶ್ಚಿತವಾದ ಎತ್ತರವುಂಟು. ಆದುದರಿಂದ ಏರುತ್ತಲೇ ಹೋಗಿ ಹೊರಟಲ್ಲಿಗೇ ಬಂದು ಸೇರುವುದು ಅಸಾಧ್ಯ. ‘ಇದಕ್ಕಿಂತ ಅದು ಮೇಲು’ ಎಂಬ ನಮ್ಮ ತೀರ್ಮಾನಗಳಿಗೂ ಈ ನಿಯಮ ಸಲ್ಲುವುದೇ?

ಇಂಡಿಯ ಕಡೆಯ ಒಂದು ಒಕ್ಕಲು ಮನೆತನವನ್ನು ಕಲ್ಪಿಸಿಕೊಳ್ಳೋಣ. ಇರುವುದೊಂದೇ ಹೊಲ. ಅಜ್ಜನಿಗೆ ಮನೆಯ ರೊಟ್ಟಿ, ದನಗಳ ಕಣಿಕೆ ಮುಖ್ಯ. ಆತನ ಕ್ರಮ ಜೋಳ, ತೊಗರಿ, ನಿಂಬೆ. ಪೇಟೆಯ ಧಾರಣೆಯನ್ನು ನೋಡುವ ತಂದೆಯ ಕ್ರಮ ತೊಗರಿ, ನಿಂಬೆ, ಜೋಳ. ವರ್ಷವರ್ಷವೂ ಫಲ ಕೊಡುವ ತೋಟ ಬಯಸುವ ಮಗನದು ನಿಂಬೆ, ಜೋಳ, ತೊಗರಿ. ಜೋಳವೋ ತೊಗರಿಯೋ ಎಂದರೆ ಅಜ್ಜ, ಮೊಮ್ಮಗ ಕೂಡಿ ಜೋಳವೆನ್ನುವರು. ತೊಗರಿಯೋ ನಿಂಬೆಯೋ ಎಂದರೆ ತೊಗರಿಗೆ ಇಬ್ಬರು. ನಿಂಬೆಯೋ ಜೋಳವೋ ಎಂದರೆ ನಿಂಬೆಗೆ ಇಬ್ಬರು! ಮೂವರಲ್ಲಿ ಒಬ್ಬನೂ ಅವಿವೇಕಿಯಲ್ಲ. ಆದರೂ ಮನೆಯ ಮತ ಸುತ್ತುತ್ತಿದೆ. ಮೊದಲು ಜೋಳ–ತೊಗರಿಗಳನ್ನು ಕೇಳಿ, ಗೆದ್ದುದನ್ನು ನಿಂಬೆಯ ಎದುರಿಗಿಟ್ಟರೆ ಹೊಲಕ್ಕೆ ನಿಂಬೆ ಬರುವುದು. ಮೊದಲು ತೊಗರಿ–ನಿಂಬೆಗಳನ್ನು ಕೇಳಿದರೆ ಕೊನೆಗೆ ಜೋಳ ಬರುವುದು. ಪ್ರಶ್ನೆಯ ಸರದಿಯನ್ನು ಗೊತ್ತುಮಾಡಿದವನೇ ಹೊಲದ ಬೆಳೆಯನ್ನು ಗೊತ್ತುಮಾಡಿದಂತಾಯಿತು. ಈ ವೈಚಿತ್ರ್ಯವನ್ನು ೧೭೮೫ರಲ್ಲಿಯೇ ಫ್ರೆಂಚ್ ವಿದ್ವಾಂಸ ಕಾಂಡೊರ್ಸೆ ತೋರಿಸಿಕೊಟ್ಟಿದ್ದನು.

ಯಂತ್ರಕ್ಕೆ ಇದನ್ನು ಕಲಿಸುವುದು ಹೇಗೆ? ೧೯೨೯ರಲ್ಲಿ ಜರ್ಮೆಲೊ, ೧೯೫೨ರಲ್ಲಿ ಬ್ರ್ಯಾಡ್ಲಿ ಮತ್ತು ಟೆರಿ ಒಂದು ಸುಲಭ ಸೂತ್ರವನ್ನು ಕೊಟ್ಟರು. ಪ್ರತಿ ಸ್ಪರ್ಧಿಗೂ ಒಂದು ಬಲಾಂಕ. ಬಲಾಂಕಗಳು ೩ ಮತ್ತು ೧ ಆಗಿದ್ದರೆ ಮೊದಲನೆಯವನು ಗೆಲ್ಲುವ ಸಂಭವ ೪ರಲ್ಲಿ ೩. ಸಂಭಾಷಿಸುವ ಗಣಕಗಳ ಎರಡೆರಡು ಉತ್ತರಗಳನ್ನು ಜನರಿಂದ ಹೋಲಿಸಿ ತಿದ್ದುವಲ್ಲಿ ಇಂದಿಗೂ ಈ ಸೂತ್ರ ಬಳಕೆಯಲ್ಲಿದೆ. ಆದರೆ ಬಲಾಂಕವೆಂಬುದು ಊರಿನ ಎತ್ತರದಂತೆ. ಅದರಲ್ಲಿ ಚಕ್ರಕ್ಕೆ ಎಡೆಯಿಲ್ಲ. ಕಬಡ್ಡಿಯಲ್ಲಿ ಇಂಡಿ ಸಿಂದಗಿಯನ್ನು, ಸಿಂದಗಿ ಮುದ್ದೇಬಿಹಾಳವನ್ನು, ಮುದ್ದೇಬಿಹಾಳ ಬಾಗೇವಾಡಿಯನ್ನು, ಬಾಗೇವಾಡಿ ಇಂಡಿಯನ್ನು ೪ ಪಂದ್ಯಗಳಲ್ಲಿ ೩ರಂತೆ ಸೋಲಿಸುವುದೆಂದು ಊಹಿಸೋಣ. ಯಂತ್ರ ನಾಲ್ಕಕ್ಕೂ ಸಮಬಲವನ್ನು ಕೊಟ್ಟು, ಪ್ರತಿ ಪಂದ್ಯವೂ ಅರ್ಧಕ್ಕರ್ಧ ಎಂದುಬಿಡುವುದು. ಇದ್ದ ವಿಷಯವೇ ಕೈತಪ್ಪಿತು.

ಪರಿಹಾರವೇನೆಂದರೆ ಒಂದು ಅಂಕದ ಬದಲು ಎರಡನ್ನು ಕೊಡುವುದು. ಇಂಡಿಗೆ (೧, ೦), ಸಿಂದಗಿಗೆ (೦, ೧), ಮುದ್ದೇಬಿಹಾಳಕ್ಕೆ (–೧, ೦), ಬಾಗೇವಾಡಿಗೆ (೦, –೧) ಎಂದಿರಲಿ. ಮೊದಲ ತಂಡದ ಮೊದಲ ಅಂಕವನ್ನು ಎದುರಾಳಿಯ ಎರಡನೆಯ ಅಂಕದಿಂದ ಗುಣಿಸಿ, ಅದರಿಂದ ಮೊದಲ ತಂಡದ ಎರಡನೆಯ ಅಂಕ ಮತ್ತು ಎದುರಾಳಿಯ ಮೊದಲ ಅಂಕಗಳ ಗುಣಲಬ್ಧವನ್ನು ಕಳೆಯಬೇಕು. ಬಲದ ಭ್ರಾಮಕವನ್ನು ಲೆಕ್ಕಿಸುವುದೂ ಹೀಗೆಯೇ. ಇಂಡಿ–ಸಿಂದಗಿಗೆ ಫಲ +೧. ಉಳಿದ ಮೂರು ಪಂದ್ಯಗಳಿಗೂ +೧! ತಂಡಗಳನ್ನು ಅದಲುಬದಲಾಗಿಸಿದರೆ –೧. ಚಕ್ರವು ಪೂರ್ಣವಾಗಿ ಲೆಕ್ಕಕ್ಕೆ ಸಿಕ್ಕಿತು. ೨೦೧೬ರಲ್ಲಿ ಚೆನ್ ಮತ್ತು ಯೋಆಕಿಮ್ಸ್ ಪ್ರತಿ ಆಟಗಾರನಿಗೂ ಆಕ್ರಮಣಕ್ಕೊಂದು, ರಕ್ಷಣೆಗೊಂದು ಅಂಕಸಮೂಹವನ್ನು ಕೊಟ್ಟು ಇದೇ ಜಾತಿಯ ವಿಧಾನವನ್ನು ರಚಿಸಿದರು. ಈ ಅಂಕಗಳನ್ನು ನಾವು ಹೇಳಿಕೊಡುವುದಿಲ್ಲ. ಯಂತ್ರವು ಮನಬಂದ ಅಂಕಗಳಿಂದ ಆರಂಭಿಸಿ, ಭವಿಷ್ಯ ತಪ್ಪಿದಾಗಲೆಲ್ಲ ಅವುಗಳನ್ನು ತುಸುತುಸುವೇ ತಿದ್ದಿಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೂರು ಸಮಬಲ ತಂಡಗಳ ಮೂರು ಪಂದ್ಯಗಳನ್ನು ನಾಣ್ಯ ಚಿಮ್ಮಿಯೇ ತೀರ್ಮಾನಿಸಿದರೂ, ಫಲಿತಾಂಶದ ೮ ವಿಧಗಳಲ್ಲಿ ೨ ಚಕ್ರವಾಗಿಯೇ ಇರುವುವು. ಆದುದರಿಂದ ಕಂಡ ಚಕ್ರವೆಲ್ಲ ನಿಜವಲ್ಲ. ಕೆಲವು ಪಂದ್ಯಗಳನ್ನು ಯಂತ್ರಕ್ಕೆ ತೋರಿಸದೆ ಬಚ್ಚಿಟ್ಟು, ಅವುಗಳ ಫಲವನ್ನು ಅದು ಸರಿಯಾಗಿ ಹೇಳುವುದೇ ಎಂದು ಪರೀಕ್ಷಿಸಬೇಕು.

ವಿದ್ಯಾರ್ಥಿಗಳು ತಮ್ಮ ತರಗತಿಯಲ್ಲಿಯೇ ಪ್ರಯೋಗ ನಡೆಸಬಹುದು. ನಾಲ್ಕು ತಿಂಡಿಗಳನ್ನಾರಿಸಿ, ಅವುಗಳ ಆರು ಜೋಡಿಗಳ ಮೇಲೆ ಚೀಟಿ ಹಾಕಿಸಿ ಎಣಿಸಿರಿ. ಎಲ್ಲಿಯಾದರೂ ಚಕ್ರ ಕಂಡುಬಂದರೆ, ‘ತರಗತಿಗೆ ಅತಿ ಪ್ರಿಯವಾದ ತಿಂಡಿ ಯಾವುದು?’ ಎಂದು ಘೋಷಿಸುವ ಮುನ್ನ ಸ್ವಲ್ಪ ತಡೆಯಿರಿ.