ರಿಪೋರ್ಟು ನಾರ್ಮಲ್, ಹೊಟ್ಟೆನೋವು ನಿಜ



ಕೆಲವು ತಿಂಗಳ ಹಿಂದೆ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಡೊಂಬಿವಲಿಯಿಂದ ಒಬ್ಬ ತಾಯಿ ಕರೆ ಮಾಡಿದ್ದರು. ಏಳನೇ ಕ್ಲಾಸಿನ ಮಗಳಿಗೆ ಬೆಳಗಾದರೆ ಹೊಟ್ಟೆನೋವು. ರಕ್ತ ಪರೀಕ್ಷೆ, ಸೋನೋಗ್ರಫಿ ಎಲ್ಲ ಆಯಿತು, ಎಲ್ಲವೂ ನಾರ್ಮಲ್. "ಶಾಲೆ ತಪ್ಪಿಸೋಕೆ ನೆವ ಅಂತಾರೆ ಸಾರ್, ನಾನೇನು ಮಾಡ್ಲಿ?" ಎಂದರು. ನಾನು ನಗುತ್ತಾ "ಪರೀಕ್ಷೆ ಜ್ವರ ಇರಬೇಕು ಅಕ್ಕಾ" ಎಂದು ಹೇಳಿ, ಅವರು ಕೇಳಿದ ಹಾಡು ಹಾಕಿಬಿಟ್ಟೆ. ಹಾಡು ಮುಗಿಯುವ ಮೊದಲೇ ತಪ್ಪು ಮಾಡಿದೆ ಅನ್ನಿಸಿತು. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಆ ತಾಯಿಯ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲೆ ಎಂಬ ಮಕ್ಕಳ ವೈದ್ಯರಿದ್ದರು. ಪದೇ ಪದೇ ಹೊಟ್ಟೆನೋವು ಎನ್ನುವ ಮಕ್ಕಳನ್ನು ಅವರು ಆಸ್ಪತ್ರೆಯಲ್ಲಷ್ಟೇ ಅಲ್ಲ, ಶಾಲೆಗಳಿಗೂ ಹೋಗಿ ಅಧ್ಯಯನ ಮಾಡಿದರು. ನೋರಾ ನೇಯ್ಶ್ ಅವರೊಡನೆ 1000 ಶಾಲಾಮಕ್ಕಳನ್ನು ನೋಡಿ 1958ರಲ್ಲಿ ವರದಿ ಪ್ರಕಟಿಸಿದರು. ಮೂರು ತಿಂಗಳ ಅವಧಿಯಲ್ಲಿ ಕನಿಷ್ಠ ಮೂರು ಸಲ, ದಿನನಿತ್ಯದ ಚಟುವಟಿಕೆ ಕೆಡುವಷ್ಟು ನೋವು ಬಂದರೆ ಮಾತ್ರ ಲೆಕ್ಕ. ಹಾಗೆ ಎಣಿಸಿದರೂ ಸುಮಾರು ಒಂಬತ್ತು ಮಕ್ಕಳಲ್ಲಿ ಒಬ್ಬರಿಗೆ ಈ ತೊಂದರೆ ಇತ್ತು. ಹೆಚ್ಚಿನವರಲ್ಲಿ ದೇಹದ ಕಾಯಿಲೆ ಸಿಗಲಿಲ್ಲ. ಹಾಗೆಂದು ಆಪ್ಲೆ ಅವರನ್ನು ಸುಳ್ಳುಗಾರರೆನ್ನಲಿಲ್ಲ. ಮನೆ, ಶಾಲೆ, ಮನಸ್ಸು ಎಲ್ಲವನ್ನೂ ಸೇರಿಸಿ ನೋಡಬೇಕು ಎಂದರು.

ಕಾಯಿಲೆ ಇಲ್ಲದೆ ನೋವು ಹೇಗೆ? ಸೊಸೈಟಿಯ ಅಂಗಳದಲ್ಲಿ ನಿಂತ ಕಾರಿನ ಅಲಾರಂ ನೆನಪಿಸಿಕೊಳ್ಳಿ. ಕಳ್ಳ ಮುಟ್ಟಿದರೆ ಕೂಗಬೇಕಾದದ್ದು, ಬೆಕ್ಕು ಹಾರಿದರೂ ಕೂಗುತ್ತದೆ. ಕಳ್ಳನಿಲ್ಲ ನಿಜ, ಆದರೆ ಕೂಗು ಸುಳ್ಳಲ್ಲ. ದೀರ್ಘಕಾಲದ ನೋವಿನಲ್ಲಿ ನರಗಳು ಮತ್ತು ಮೆದುಳು ಹೀಗೆ ಅತಿಸೂಕ್ಷ್ಮವಾಗಿಬಿಡುತ್ತವೆ. ನಿದ್ದೆ ಕೆಟ್ಟರೆ, ಆತಂಕ ಹೆಚ್ಚಿದರೆ ಅಲಾರಂ ಇನ್ನೂ ಬೇಗ ಕೂಗುತ್ತದೆ. ಬೆಳಗಿನ ಶಾಲೆ, ಸಂಜೆಯ ಟ್ಯೂಶನ್, ರಾತ್ರಿ ಹನ್ನೊಂದರವರೆಗೆ ಹೋಂವರ್ಕ್ ಎಂದು ಓಡುವ ನಮ್ಮ ಮುಂಬಯಿ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮಾಡುವುದೇನು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮಕ್ಕಳ ದೀರ್ಘಕಾಲದ ನೋವಿನ ಬಗ್ಗೆಯೇ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಗುಳಿಗೆಯೊಂದೇ ಉತ್ತರವಲ್ಲ. ದೇಹಕ್ಕೆ ಚಟುವಟಿಕೆ ಮತ್ತು ವ್ಯಾಯಾಮ, ಮನಸ್ಸಿಗೆ ನುರಿತವರ ಸಲಹೆ, ಅಗತ್ಯವಿದ್ದಲ್ಲಿ ಎಚ್ಚರದಿಂದ ಔಷಧ, ಇವೆಲ್ಲ ಆಯಾ ಮಗುವಿಗೆ ತಕ್ಕಂತೆ ಕೂಡಿ ನಡೆಯಬೇಕು. ನೋವು ಪೂರ್ತಿ ಹೋದ ಮೇಲೆ ಶಾಲೆ ಎಂದು ಕಾಯುತ್ತ ಕೂತರೆ ಶಾಲೆ ದೂರವಾಗುತ್ತದೆ. ಟೀಚರ ಬಳಿ ಮಾತಾಡಿ, ಮೊದಲು ಅರ್ಧ ದಿನವಾದರೂ ಕಳಿಸುವುದು ಮೇಲು.

ಕೆಲವು ಲಕ್ಷಣಗಳಿದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ನೋವು ನಿದ್ದೆಯಿಂದ ಎಬ್ಬಿಸುವುದು, ತೂಕ ಇಳಿಯುವುದು, ಬಿಡದ ಜ್ವರ, ಮಲದಲ್ಲಿ ರಕ್ತ, ಮತ್ತೆ ಮತ್ತೆ ವಾಂತಿ, ಕೀಲು ಊದುವುದು. ಹೊಕ್ಕುಳಿನಿಂದ ನೋವು ದೂರವಿದ್ದಷ್ಟೂ ಕಾಯಿಲೆಯ ಸಂಶಯ ಹೆಚ್ಚು ಎಂಬ ಆಪ್ಲೆಯವರ ಸೂತ್ರವನ್ನು ವೈದ್ಯರು ಈಗಲೂ ನೆನೆಯುತ್ತಾರೆ.

ದೊಡ್ಡ ಕಾಯಿಲೆಯಿಂದಲೇ ನೋಯುವ ಮಕ್ಕಳೂ ಇದ್ದಾರೆ. ಅವರಿಗಾಗಿ ನಮ್ಮ ಪರೇಲ್‌ನಲ್ಲೇ ಕೆಲಸ ನಡೆದಿದೆ. ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ಮೇರಿ ಆನ್ ಮುಕಾಡೆನ್ ಮತ್ತು ಸಂಗಡಿಗರು 2010ರಲ್ಲಿ ಮಹಾರಾಷ್ಟ್ರದಲ್ಲಿ ಮಕ್ಕಳ ಉಪಶಾಮಕ ಆರೈಕೆಯ, ಅಂದರೆ ನೋವು-ಸಂಕಟ ತಗ್ಗಿಸುವ ಆರೈಕೆಯ, ಯೋಜನೆ ಆರಂಭಿಸಿದರು. ಅದು ಸಾಯನ್ ಆಸ್ಪತ್ರೆಗೂ, ಜವ್ಹಾರ್‌ನ ಆದಿವಾಸಿ ಸೀಮೆಗೂ ತಲುಪಿತು. ಇಂಥ ಆರೈಕೆ ಶುರುವಾಗುವುದು ಮಗುವನ್ನು ಕೇಳುವುದರಿಂದ. ಅದಕ್ಕಾಗಿ ವೈದ್ಯರು ಬಳಸುವ ಆರು ಮುಖಗಳ ಚಿತ್ರಪಟವೊಂದಿದೆ. ಶಾಂತ ಮುಖದಿಂದ ಹಿಡಿದು ನೋವಿನಿಂದ ಹಿಂಡಿದ ಮುಖದವರೆಗೆ, "ನಿನ್ನ ನೋವು ಎಷ್ಟು?" ಎಂದರೆ ಮಗು ಬೆರಳಿಟ್ಟು ತೋರಿಸುತ್ತದೆ.

ನಾವು ಮನೆಯಲ್ಲೂ ಕೇಳಬಹುದು. ನಮ್ಮ ಮಕ್ಕಳು ಶಾಲೆಯಲ್ಲಿ "ಪೋಟಾತ್ ದುಖ್ತಂಯ್" ಎಂದು ಕಲಿತಿರುತ್ತಾರೆ. ಹೊಟ್ಟೆ ನುಲಿಯುತ್ತದೋ, ಚುಚ್ಚುತ್ತದೋ, ಉರಿಯುತ್ತದೋ, ತಲೆ ಸಿಡಿಯುತ್ತದೋ ಎಂದು ಅಜ್ಜಿ ಕೇಳಿದರೆ ಕನ್ನಡದಲ್ಲೇ ಎಷ್ಟೊಂದು ಉತ್ತರ ಸಿಗುತ್ತದೆ! ಅಜ್ಜಿಯ ಓಮದ ನೀರಿನ ಜೊತೆ ಈ ಪ್ರಶ್ನೆಯೂ ಇರಲಿ.

ಡೊಂಬಿವಲಿಯ ಅಕ್ಕಾ, ಇದನ್ನು ಓದುತ್ತಿದ್ದರೆ ಇನ್ನೊಮ್ಮೆ ಫೋನ್ ಮಾಡಿ. ಈ ಸಲ ಹಾಡು ಆಮೇಲೆ. ಮೊದಲು ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ: ಅವಳು ಹೇಳಿದ್ದನ್ನು ನಾನು ನಂಬುತ್ತೇನೆ.