ಮರುಭೂಮಿಯಲ್ಲಿ ಚರಿತ್ರೆ ಹುಡುಕಿದ ದಂಪತಿಗಳು

“ದೇಶ ಸುತ್ತಿ ನೋಡು, ಕೋಶ ಓದಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೋಶ ಓದುವ ಕೆಲಸವನ್ನು ನಾವು ಪರೀಕ್ಷೆಯ ಭಯದಿಂದಲಾದರೂ ಮಾಡುತ್ತೇವೆ. ದೇಶ ಸುತ್ತುವುದೆಂದರೆ ಮಾತ್ರ ವರ್ಷಕ್ಕೊಮ್ಮೆ ಪ್ರವಾಸ ಹೊರಟು, ದೇವಾಲಯದ ಮುಂದೆ ಭಾವಚಿತ್ರ ತೆಗೆಸಿಕೊಂಡು ಹಿಂತಿರುಗುವುದು ಎಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಸುತ್ತುವುದೂ ಒಂದು ಬಗೆಯ ಓದೇ. ನೆಲವನ್ನು ಪುಸ್ತಕದಂತೆ ಓದಲು ಕಲಿತವರಿಗೆ ಬರಿಯ ಮರಳು ಕೂಡಾ ಚರಿತ್ರೆಯನ್ನು ಹೇಳುತ್ತದೆ. ಇದಕ್ಕೆ ನಿದರ್ಶನವಾಗಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮರುಭೂಮಿಯಲ್ಲಿ ಮೋಟಾರು ಕಟ್ಟಿಕೊಂಡು ಅಲೆದ ಒಬ್ಬ ದಂಪತಿಗಳ ವಿಷಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಲಾಸ್ ಏಂಜಲೀಸ್ ನಗರದಿಂದ ಪೂರ್ವಕ್ಕೆ ಸುಮಾರು 140 ಮೈಲಿ ಹೋದರೆ ಟ್ವೆಂಟಿನೈನ್ ಪಾಮ್ಸ್ ಎಂಬ ಊರು ಸಿಕ್ಕುತ್ತದೆ. ‘ಇಪ್ಪತ್ತೊಂಬತ್ತು ತಾಳೆಮರ’ ಎಂದು ಅದರ ಅರ್ಥ. ಅದು ಮೊಹಾವಿ ಎಂಬ ಮರುಭೂಮಿಯ ದಕ್ಷಿಣದ ಅಂಚು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ನಾಲ್ಕು ಅಂಗುಲ. ಬರಗಾಲಕ್ಕೆ ಹೆಸರಾದ ನಮ್ಮ ಚಳ್ಳಕೆರೆಯ ಸೀಮೆಯಲ್ಲಿಯೂ ಅದರ ನಾಲ್ಕು ಪಟ್ಟು ಮಳೆ ಆಗುತ್ತದೆ ಎಂದರೆ ಆ ಪ್ರದೇಶದ ಒಣಗು ಎಂಥದೆಂಬುದನ್ನು ಊಹಿಸಬಹುದು. ಇಂದು ಶನಿವಾರ ಬೆಳಗ್ಗೆ ನಗರದಿಂದ ಮೋಟಾರಿನಲ್ಲಿ ಹೊರಟು, ಭಾನುವಾರ ರಾತ್ರಿ ಮನೆಗೆ ಮರಳುವ ಗಂಡಹೆಂಡಿರಿಗೆ ಅದೊಂದು ಪ್ರಿಯವಾದ ದಾರಿ. ಆದರೆ 1920ರ ದಶಕದಲ್ಲಿ ಅಲ್ಲಿ ಒಳ್ಳೆಯ ರಸ್ತೆಗಳಿರಲಿಲ್ಲ. ಊರೆನ್ನಬಹುದಾದ ಊರೂ ಇರಲಿಲ್ಲ.

ಆ ಕಾಲದಲ್ಲಿ ಅಲ್ಲಿಗೆ ಬಂದು ನೆಲೆಸಿದವರು ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಅವರ ಪತ್ನಿ ಎಲಿಜಬೆತ್ ಕ್ಯಾಂಪ್‌ಬೆಲ್. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದಿಂದ ವಿಲಿಯಂ ಅವರ ಶ್ವಾಸಕೋಶಗಳು ಕೆಟ್ಟಿದ್ದವು. ಇಂಥ ಸೈನಿಕರಿಗೆ ಒಣಹವೆಯೇ ಔಷಧಿಯೆಂದು ಲಕ್ಕಿ ಎಂಬ ವೈದ್ಯರು ಅನೇಕರನ್ನು ಆ ಊರಿಗೆ ಕಳುಹಿಸುತ್ತಿದ್ದರು. ಎಲಿಜಬೆತ್ ಅವರು ಹುಟ್ಟಿದ್ದು 1893ರಲ್ಲಿ, ಶ್ರೀಮಂತ ಮನೆತನವೊಂದರಲ್ಲಿ. ಆದರೂ ಮರುಭೂಮಿಯಲ್ಲಿ ಅವರ ಸಂಸಾರ ಆರಂಭವಾದದ್ದು ಒಂದು ಡೇರೆಯಲ್ಲಿ. ಪುರಾತತ್ತ್ವ ಶಾಸ್ತ್ರದಲ್ಲಿ ಅವರಿಗೆ ಯಾವ ಪದವಿಯೂ ಇರಲಿಲ್ಲ. ಪತಿಯ ಆರೋಗ್ಯ ಸುಧಾರಿಸಿದಂತೆ ಇಬ್ಬರೂ ಸುತ್ತಲಿನ ಬೆಟ್ಟ ಬಯಲುಗಳಲ್ಲಿ ಸಂಚರಿಸತೊಡಗಿದರು. ಹಳೆಯ ಜನರು ಬಿಟ್ಟುಹೋದ ವಸ್ತುಗಳು ಅಲ್ಲಲ್ಲಿ ಕಣ್ಣಿಗೆ ಬಿದ್ದವು. ಲಾಸ್ ಏಂಜಲೀಸಿನ ಸೌತ್‌ವೆಸ್ಟ್ ವಸ್ತುಸಂಗ್ರಹಾಲಯದ ಪಂಡಿತರು ಅವರಿಗೆ ಮಾರ್ಗದರ್ಶನ ಮಾಡಿದರು. ಹೀಗೆ ಹವೆ ಬದಲಾವಣೆಗೆಂದು ಬಂದವರು ಸಂಶೋಧಕರಾದರು.

ಅವರು ಕಂಡುಕೊಂಡದ್ದೇನು ಎಂಬುದನ್ನು ತಿಳಿಯಲು ಆ ಮರುಭೂಮಿಯ ಮೂರು ಸ್ಥಳಗಳನ್ನು ನಾವೂ ಮನಸ್ಸಿನಲ್ಲಿಯೇ ಒಮ್ಮೆ ಸುತ್ತಿ ಬರೋಣ.

ಮೊದಲನೆಯದು ಟ್ವೆಂಟಿನೈನ್ ಪಾಮ್ಸ್ ಊರಿನಲ್ಲಿಯೇ ಇರುವ ಮಾರಾ ಎಂಬ ಓಯಸಿಸ್. ಸುತ್ತಲೂ ಬೆಂಗಾಡು, ನಡುವೆ ತಾಳೆಮರಗಳ ತೋಪು. ಮಳೆಯಿಲ್ಲದ ಕಡೆ ನೀರೆಲ್ಲಿಂದ ಬಂತು? ಇದಕ್ಕೆ ಕಾರಣ ಭೂಗರ್ಭದಲ್ಲಿದೆ. ಅಲ್ಲಿ ನೆಲದೊಳಗಿನ ಬಂಡೆ ಉದ್ದಕ್ಕೂ ಸೀಳಿದೆ. ಸೀಳಿನ ಎರಡು ಬದಿಗಳೂ ಯುಗಯುಗಗಳಿಂದ ಒಂದನ್ನೊಂದು ಉಜ್ಜಿ ಸರಿದದ್ದರಿಂದ ನಡುವಿನ ಕಲ್ಲು ಬೀಸುವ ಕಲ್ಲಿಗೆ ಸಿಕ್ಕಿದಂತೆ ಅರೆದು ಪುಡಿಯಾಗಿದೆ. ಆ ಪುಡಿ ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬೆಟ್ಟದ ಕಡೆಯಿಂದ ನೆಲದೊಳಗೇ ಹರಿದು ಬರುವ ನೀರು ಈ ಒಡ್ಡಿಗೆ ತಾಗಿ, ಮುಂದೆ ಹೋಗಲಾರದೆ ಮೇಲಕ್ಕೇಳುತ್ತದೆ. ಆದ್ದರಿಂದಲೇ ಅಲ್ಲಿ ಸೆರಾನೊ ಎಂಬ ಮೂಲನಿವಾಸಿ ಜನರು ನೆಲೆಸಿದ್ದರು. ಆಮೇಲೆ ಚೆಮೆಹುವೇವಿ ಜನರೂ ಬಂದರು. ಸುತ್ತಲಿನ ಬಂಡೆಗಳ ಗವಿಗಳಲ್ಲಿ ಅವರು ಬಚ್ಚಿಟ್ಟಿದ್ದ ಮಣ್ಣಿನ ಹರವಿಗಳು ಕ್ಯಾಂಪ್‌ಬೆಲ್ ದಂಪತಿಗಳಿಗೆ ದೊರೆತವು. ಈ ಸೀಮೆಯ ಪರಿಶೀಲನೆಯ ವರದಿಯನ್ನು ಎಲಿಜಬೆತ್ ಅವರು 1931ರಲ್ಲಿ ಪ್ರಕಟಿಸಿದರು. ಇಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ನೀರಿದ್ದಲ್ಲಿ ಜನ, ಜನರಿದ್ದಲ್ಲಿ ಮಡಕೆ.

ಎರಡನೆಯ ಸ್ಥಳ ಇದಕ್ಕೆ ತೀರ ಬೇರೆ. ಊರಿನಿಂದ ದಕ್ಷಿಣಕ್ಕೆ ಬೆಟ್ಟ ಹತ್ತಿ ಇಳಿದರೆ ಪಿಂಟೊ ಎಂಬ ವಿಶಾಲವಾದ ತಗ್ಗುಬಯಲು. ಮೇಲಿನ ಬೆಟ್ಟಗಳಲ್ಲಿ ಕಾಣುವ ಜೋಶುವಾ ಮರಗಳು ಕೂಡಾ ಇಲ್ಲಿಗೆ ಇಳಿಯುವುದಿಲ್ಲ. ಮುಳ್ಳುಗಳ್ಳಿ, ಕುರುಚಲು, ಜಲ್ಲಿ, ಅಷ್ಟೆ. ಬಯಲಿನ ನಡುವೆ ಕುಡಿಯಲು ನೀರಿಲ್ಲ. ಆದರೂ ಅಲ್ಲಿ ಈಟಿಯ ಕಲ್ಲಿನ ಮೊನೆಗಳು, ಹೆರೆಯುವ ಕಲ್ಲುಗಳು, ಅರೆಯುವ ಕಲ್ಲುಗಳು ಹೇರಳವಾಗಿ ದೊರೆತವು. ಮಡಕೆಯ ಚೂರು ಮಾತ್ರ ಅವುಗಳೊಡನೆ ಇರಲಿಲ್ಲ. ನೀರಿಲ್ಲದ ಈ ಕಡೆ ಮನುಷ್ಯರು ಏತಕ್ಕೆ ಬಂದು ವಾಸಮಾಡಿದರು? ದಂಪತಿಗಳು ಕಲ್ಲುಗಳನ್ನಷ್ಟೇ ನೋಡದೆ ಅವು ಬಿದ್ದಿದ್ದ ಜಾಗಗಳನ್ನು ನೋಡಿದರು. ಅವು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಒಣಗಿಹೋದ ಒಂದು ಹಳೆಯ ಹೊಳೆಯ ಪಾತ್ರವನ್ನು ಅನುಸರಿಸಿ ಅದರ ದಡಗಳ ಮೇಲೆ ಸಾಲಾಗಿ ಬಿದ್ದಿದ್ದವು. ಎಂದಮೇಲೆ ಅವರು ಇಲ್ಲಿದ್ದಾಗ ಹೊಳೆ ಹರಿಯುತ್ತಿತ್ತು! ಈ ವಿಷಯವನ್ನು 1935ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಅಲ್ಲಿನ ಜನರ ಬಾಳಿಗೆ ಇಂದು ‘ಪಿಂಟೊ ಸಂಸ್ಕೃತಿ’ ಎಂದೇ ಹೆಸರು. ಅದರ ಕಾಲ ಸುಮಾರು 8,000ದಿಂದ 4,000 ವರ್ಷಗಳ ಹಿಂದೆ ಎಂದು ಎಣಿಸುತ್ತಾರೆ.

ಮೂರನೆಯ ಸ್ಥಳ ಉತ್ತರಕ್ಕೆ ನೂರು ಮೈಲಿಗೂ ದೂರ, ಬೇಕರ್ ಎಂಬ ಊರಿನ ಬಳಿ. ಅಲ್ಲಿ ಸೋಡಾ ಸರೋವರ, ಸಿಲ್ವರ್ ಸರೋವರ ಎಂದು ಎರಡು ಹೆಸರುಗಳಿವೆ. ನೀರು ಮಾತ್ರ ಇಲ್ಲ. ಬೆಳ್ಳಗೆ ಒಡೆದ ಜೇಡಿಮಣ್ಣಿನ ಬಯಲು. ಸ್ಯಾನ್ ಬರ್ನಾರ್ಡಿನೊ ಪರ್ವತಗಳಲ್ಲಿ ಹುಟ್ಟುವ ಮೊಹಾವಿ ನದಿ ಸಮುದ್ರವನ್ನು ಸೇರುವುದಿಲ್ಲ. ಬಹುಭಾಗ ಮರಳಿನ ಕೆಳಗೇ ಹರಿದು ಈ ತಗ್ಗಿನಲ್ಲಿ ಇಂಗಿಹೋಗುತ್ತದೆ. ಆದರೆ 1916ರಲ್ಲಿ ಮಹಾಪೂರ ಬಂದು ಸಿಲ್ವರ್ ಸರೋವರ ತುಂಬಿ, ಅದರ ಮೇಲೆ ಹಾಕಿದ್ದ ರೈಲುದಾರಿ ಮುಳುಗಿಹೋಯಿತು. ಅದು ಹಳೆಯ ಕಾಲದ ಒಂದು ಕ್ಷಣಿಕ ನೆನಪೆನ್ನಬಹುದು. ಏಕೆಂದರೆ ಹಿಮಯುಗದ ಕೊನೆಯಲ್ಲಿ, ಹವೆ ತಂಪಾಗಿದ್ದು ಮಳೆ ಹೆಚ್ಚಾಗಿದ್ದಾಗ, ಈ ಎರಡು ಬಯಲುಗಳೂ ಸೇರಿ ಒಂದೇ ಮಹಾಸರೋವರವಾಗಿದ್ದವು. ಅದು ತುಂಬಿ ಉತ್ತರದ ಅಂಚಿನಲ್ಲಿ ಕೋಡಿ ಬೀಳುತ್ತಿತ್ತು. ಆ ಕೋಡಿಯ ಕಾಲುವೆಯೂ ಅಲೆ ಬಡಿದ ದಡದ ಗೆರೆಗಳೂ ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ದಂಪತಿಗಳಿಗೆ ಉದ್ದ ತೊಟ್ಟಿನ ವಿಶಿಷ್ಟವಾದ ಈಟಿಮೊನೆಗಳು ಸಿಕ್ಕಿದ್ದು ಈ ಹಳೆಯ ದಡಗಳ ಮೇಲೆಯೇ. ಭೂಗರ್ಭ ಶಾಸ್ತ್ರಜ್ಞರಾದ ಅರ್ನ್‌ಸ್ಟ್ ಆಂಟೆವ್ಸ್, ವಸ್ತುಸಂಗ್ರಹಾಲಯದ ಚಾರ್ಲ್ಸ್ ಆಮ್ಸ್‌ಡೆನ್ ಮುಂತಾದವರೊಡನೆ ಸೇರಿ 1937ರಲ್ಲಿ ಇದರ ವರದಿಯನ್ನು ಹೊರತಂದರು.

ಈಗ ಪ್ರಶ್ನೆಯ ಮರ್ಮಕ್ಕೆ ಬರೋಣ. ಪುರಾತತ್ತ್ವದಲ್ಲಿ ಕಾಲನಿರ್ಣಯಕ್ಕೆ ಮುಖ್ಯ ಆಧಾರ ಮಣ್ಣಿನ ಪದರಗಳು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ಅವರು ಅಗೆಸಿದಾಗ, ಕೆಳಗೆ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಗೋರಿಗಳ ಜನ, ಎಲ್ಲಕ್ಕೂ ಮೇಲೆ ಸಾತವಾಹನರ ಕಾಲದ ಜನ, ಹೀಗೆ ಒಂದರ ಮೇಲೊಂದು ಸಂಸ್ಕೃತಿಗಳು ಕಂಡುಬಂದದ್ದನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಮರುಭೂಮಿಯಲ್ಲಿ ಈ ಅನುಕೂಲವಿಲ್ಲ. ಗಾಳಿ ನುಣ್ಣನೆಯ ಮಣ್ಣನ್ನು ಹಾರಿಸಿಕೊಂಡು ಹೋಗುತ್ತದೆ. ಭಾರವಾದ ಕಲ್ಲುಗಳು ಹಾರದೆ ಕೆಳಕ್ಕೆ ಇಳಿಯುತ್ತ ಬರುತ್ತವೆ. ಕೊನೆಗೆ ಐನೂರು ವರ್ಷದ ವಸ್ತುವೂ ಐದು ಸಾವಿರ ವರ್ಷದ ವಸ್ತುವೂ ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಬಿದ್ದಿರುತ್ತವೆ. ಪುಸ್ತಕದ ಹಾಳೆಗಳನ್ನೆಲ್ಲ ಹರಿದು ನೆಲದ ಮೇಲೆ ಹರಡಿದಂತೆ.

ಹಾಳೆಗಳನ್ನು ಮತ್ತೆ ಜೋಡಿಸಲು ಎಲಿಜಬೆತ್ ಅವರು ಹಿಡಿದ ದಾರಿ ನೀರಿನದು. ಮನುಷ್ಯನು ನೀರನ್ನು ಬಿಟ್ಟು ದೂರ ವಾಸಿಸಲಾರ. ಇಂದಿನ ಊಟೆಗಳ ಬಳಿ ಸಿಕ್ಕುವ ವಸ್ತುಗಳು ಇಂದಿನಂಥ ಹವೆಯಲ್ಲಿ ಬಾಳಿದವರವು. ಸತ್ತ ಹೊಳೆಯ ದಡದಲ್ಲಿ, ಬತ್ತಿದ ಸರೋವರದ ಅಂಚಿನಲ್ಲಿ ಮಾತ್ರ ಸಿಕ್ಕುವಂಥವು ಆ ನೀರು ಜೀವಂತವಾಗಿದ್ದ ಕಾಲದವು. ನೀರಿನ ಕಾಲವನ್ನು ಭೂಗರ್ಭ ಶಾಸ್ತ್ರ ಹೇಳಿದರೆ ಮನುಷ್ಯನ ಕಾಲ ತಾನಾಗಿಯೇ ತಿಳಿಯುತ್ತದೆ. 1936ರ ಒಂದು ಲೇಖನದಲ್ಲಿ ಅವರು ಈ ಮರುಭೂಮಿಗಳ ಸಮಸ್ಯೆಗಳನ್ನು ಚರ್ಚಿಸಿದ್ದಾರೆ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಅದೇ ಮರುಭೂಮಿಗಳನ್ನು ಚೆನ್ನಾಗಿ ಬಲ್ಲ ಮಾಲ್ಕಂ ರಾಜರ್ಸ್ ಎಂಬ ವಿದ್ವಾಂಸರು 1939ರಲ್ಲಿ ಆಕ್ಷೇಪಿಸಿದರು. ದಡದ ಮೇಲೆ ವಸ್ತು ಬಿದ್ದಿದೆಯೆಂದ ಮಾತ್ರಕ್ಕೆ ಅದು ಸರೋವರ ತುಂಬಿದ್ದ ಕಾಲದ್ದೇ ಎನ್ನಲಾದೀತೇ? ಎಷ್ಟೋ ಕಾಲದ ಮೇಲೆ ಬಂದವರು ಅಲ್ಲಿ ಬಿಡಾರ ಹೂಡಿರಬಾರದೇ? ನ್ಯಾಯವಾಗಿ ನೋಡಿದರೆ ಈ ಆಕ್ಷೇಪ ತಳ್ಳಿಹಾಕುವಂಥದಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ನಿಧಾನವಾಗಿ. 1949ರಲ್ಲಿ ಲಿಬಿ ಎಂಬ ರಸಾಯನ ವಿಜ್ಞಾನಿಯು ಇಂಗಾಲದಿಂದ ಕಾಲವನ್ನು ಅಳೆಯುವ ವಿಧಾನವನ್ನು ತೋರಿಸಿಕೊಟ್ಟರು. ಆಮೇಲೆ ಆ ಸರೋವರದ ದಡದ ಚಿಪ್ಪುಗಳನ್ನು ಪರೀಕ್ಷಿಸಲು ಅವುಗಳ ವಯಸ್ಸು ಸರಿಸುಮಾರು ಹತ್ತು ಸಾವಿರ ವರ್ಷವೆಂದು ತಿಳಿಯಿತು. ಮರುಭೂಮಿಯ ಬೇರೆ ಕಡೆಗಳಲ್ಲಿ ಅಗೆದಾಗಲೂ ಅಂಥವೇ ಈಟಿಮೊನೆಗಳು ಅಷ್ಟೇ ಹಳೆಯ ಪದರಗಳಲ್ಲಿ ಕಾಣಿಸಿಕೊಂಡವು. ಲೆಕ್ಕದ ಅಂಕೆಗಳಲ್ಲಿ ತಿದ್ದುಪಡಿಗಳಾಗಿವೆ, ನಿಜ. ಆದರೆ ಮನುಷ್ಯರನ್ನು ಅವರ ನೀರಿನೊಡನೆ ಕೂಡಿಸಿ ನೋಡಬೇಕೆಂಬ ಎಲಿಜಬೆತ್ ಅವರ ಮಾರ್ಗವು ಇಂದು ಎಲ್ಲರೂ ನಡೆಯುವ ಮಾರ್ಗವಾಗಿದೆ. ಅವರು 1961ರಲ್ಲಿ ತಮ್ಮ ಮರುಭೂಮಿಯ ಬಾಳನ್ನು ಕುರಿತು ಪುಸ್ತಕ ಬರೆದು, 1971ರಲ್ಲಿ ತೀರಿಕೊಂಡರು.

ದಂಪತಿಗಳೂ ಆ ವಸ್ತುಗಳನ್ನು ಎತ್ತಿಕೊಂಡೇ ಬಂದರಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಅಂದಿನ ಪದ್ಧತಿ ಹಾಗಿತ್ತು. ಇಂದು ಅಲ್ಲಿನ ಸರ್ಕಾರಿ ಭೂಮಿಯಲ್ಲಿ ಅನುಮತಿಯಿಲ್ಲದೆ ಇಂಥದನ್ನು ತೆಗೆಯುವುದು 1906ರ ಮತ್ತು 1979ರ ಕಾನೂನುಗಳ ಪ್ರಕಾರ ಅಪರಾಧ. ಪಿಂಟೊ ಬಯಲು ಈಗ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದೊಳಗಿದೆ. ಕ್ಯಾಂಪ್‌ಬೆಲ್ಲರ ಸಂಗ್ರಹವನ್ನು ಆ ಉದ್ಯಾನದವರೇ ಕಾಪಾಡಿಕೊಂಡು ಬಂದಿದ್ದಾರೆ. ಆ ಸಂಗ್ರಹಕ್ಕೆ ಇಂದಿಗೂ ಬೆಲೆ ಇರುವುದು ಕಲ್ಲುಗಳು ಅಂದವಾಗಿವೆಯೆಂದಲ್ಲ, ಯಾವುದು ಎಲ್ಲಿ ಸಿಕ್ಕಿತೆಂಬುದನ್ನು ಅವರು ಗುರುತು ಮಾಡಿಟ್ಟರೆಂದು. ಅದೇ ದಾರಿಯಲ್ಲಿ ಹೋಗಿ, ಜೇಬಿಗೆ ಹಾಕಿಕೊಂಡು ಬಂದವರು ಎಷ್ಟು ಜನರೋ. ಅವರ ಮನೆಯ ಗೂಡುಗಳಲ್ಲಿರುವ ಮೊನೆಗಳು ಏನನ್ನೂ ಹೇಳುವುದಿಲ್ಲ.

ನಾನು ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಕರಿಯ ಕಲ್ಲಿತ್ತು. ಅಂಗೈಯಷ್ಟು ಉದ್ದ, ಒಂದು ತುದಿ ಅಗಲವಾಗಿ ಹರಿತ, ಮೈಯೆಲ್ಲ ನುಣುಪು. ನಾನು ಚಿಕ್ಕವನಿದ್ದಾಗ ಉಳುವ ಸಾಲಿನಲ್ಲಿ ಸಿಕ್ಕಿತೆಂದು ತಂದೆಯವರು ತಂದಿಟ್ಟಿದ್ದರು. ಸಿಡಿಲು ಬಿದ್ದಾಗ ಇಳಿದ ಕಲ್ಲೆಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಈ ವರ್ಷ ಅದನ್ನು ಕಾಲೇಜಿಗೆ ತಂದು ತೋರಿಸಿದೆ. ನವಶಿಲಾಯುಗದ ಕೊಡಲಿಯೆಂದು ನಮ್ಮ ಇತಿಹಾಸದ ಅಧ್ಯಾಪಕರು ಕೂಡಲೇ ಗುರುತಿಸಿದರು. ನನಗಾದ ಸಂತೋಷಕ್ಕೆ ಪಾರವಿರಲಿಲ್ಲ. ಒಡನೆಯೇ ಅವರು “ಎಲ್ಲಿ ಸಿಕ್ಕಿತು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದೇ ಅವರು ನನಗೆ ಕ್ಯಾಂಪ್‌ಬೆಲ್ ದಂಪತಿಗಳ ಕಥೆಯನ್ನು ಹೇಳಿದ್ದು.

ದಸರಾ ರಜೆಯಲ್ಲಿ ಊರಿಗೆ ಹೋದಾಗ ತಂದೆಯವರನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, “ಹಳ್ಳದ ಹೊಲದಲ್ಲೋ, ಗುಡ್ಡದ ಹೊಲದಲ್ಲೋ, ಈಗ ಹೇಗೆ ಹೇಳಲಿ?” ಎಂದರು. ಎರಡಕ್ಕೂ ನಡುವೆ ಅರ್ಧ ಮೈಲಿ. ಹಳ್ಳದ ಹೊಲವಾದರೆ ಆ ಜನ ನೀರಿನ ಬಳಿ ಇದ್ದರೆನ್ನಬಹುದು. ಗುಡ್ಡದ ಹೊಲವಾದರೆ ಮೇಲಿನ ಬಂಡೆಗಳ ಕಡೆ ಹುಡುಕಬೇಕು. ತಂದೆಯವರೂ ನಾನೂ ಒಂದು ಭಾನುವಾರ ಎರಡು ಹೊಲಗಳನ್ನೂ ಬದುವಿನಿಂದ ಬದುವಿಗೆ ನಡೆದು ನೋಡಿದೆವು. ಮಡಕೆಯ ಕೆಲವು ಚೂರುಗಳು ಹಳ್ಳದ ಕಡೆ ಕಂಡವು. ಅವು ಯಾವ ಕಾಲದವೆಂದು ತಿಳಿಯುವಷ್ಟು ವಿದ್ಯೆ ನನಗಿಲ್ಲ. ಅವನ್ನು ಇದ್ದಲ್ಲೇ ಬಿಟ್ಟು, ಜಾಗವನ್ನು ಬರೆದುಕೊಂಡು ಬಂದೆ.

ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ಕ್ಯಾಲಿಫೋರ್ನಿಯಾದ ದಂಪತಿಗಳಂತೆ ಮೋಟಾರಿನಲ್ಲಿ ಮರುಭೂಮಿ ಸುತ್ತುವ ಅಗತ್ಯ ನಮಗಿಲ್ಲ. ರಜೆಯ ಒಂದು ದಿನ ಊರಿನ ಹಳ್ಳ, ಕೆರೆಯಂಗಳ, ಗುಡ್ಡದ ಬುಡಗಳನ್ನು ಕಣ್ಣು ಬಿಟ್ಟು ನಡೆದರೆ ಸಾಕು. ಏನಾದರೂ ಕಂಡರೆ ಅಲ್ಲಿಂದ ಕದಲಿಸದೆ, ಹೊಲದ ಸರ್ವೆ ನಂಬರು, ದಿಕ್ಕು, ಹತ್ತಿರದ ಗುರುತು ಇಷ್ಟನ್ನು ಬರೆದುಕೊಂಡು ಬಂದು ಅಧ್ಯಾಪಕರಿಗೆ ತಿಳಿಸೋಣ. ಉಳಿದದ್ದನ್ನು ಬಲ್ಲವರು ನೋಡಿಕೊಳ್ಳುತ್ತಾರೆ.

ಆ ಕೊಡಲಿ ಈಗ ನಮ್ಮ ಇತಿಹಾಸ ವಿಭಾಗದ ಬೀರುವಿನಲ್ಲಿದೆ. ಅದರ ಜೊತೆಗೆ ಒಂದು ಚೀಟಿಯನ್ನು ಬರೆದಿಟ್ಟಿದ್ದೇನೆ. ಅದರಲ್ಲಿ ಎರಡು ಸರ್ವೆ ನಂಬರುಗಳಿವೆ. ಕೆಳಗೆ ‘ಇವೆರಡರಲ್ಲಿ ಒಂದು’ ಎಂದು ಬರೆದಿದೆ.