ಆಕ್ಲೆಂಡಿನ ಹವೆ ಬೆಂಗಳೂರಿನ ಥರ ಅಂದವರು ಯಾರು?

ಜೂನ್ ಬಂತೆಂದರೆ ಇಲ್ಲಿನ ಕನ್ನಡದವರ ಫೋನುಗಳಿಗೆ ಬಿಡುವಿರುವುದಿಲ್ಲ. ಜುಲೈ ನಡುವಿನಲ್ಲಿ ಶುರುವಾಗುವ ಎರಡನೇ ಸೆಮಿಸ್ಟರಿಗೆ ಆಕ್ಲೆಂಡಿಗೆ ಹೊರಟ ಹುಡುಗ ಹುಡುಗಿಯರು, ಅವರ ತಂದೆತಾಯಿ, ಕೆಲವೊಮ್ಮೆ ಸೋದರಮಾವಂದಿರು. ಮಾತು ವೀಸಾ, ಟಿಕೆಟ್ಟು, ಕೋಣೆ ಎಂದು ಸುತ್ತಾಡಿ ಕೊನೆಗೆ ಒಂದು ಕಡೆ ಬಂದು ನಿಲ್ಲುತ್ತದೆ: "ಅಲ್ಲಿನ ಹವೆ ನಮ್ಮ ಬೆಂಗಳೂರಿನ ಥರಾನೇ ಅಂತೆ, ಹೌದಾ ಸಾರ್?" ಕೇಳುವವರು ಆಗಲೇ ನಂಬಿಯಾಗಿದೆ, ನಾನು 'ಹೂಂ' ಅಂದರೆ ಸಾಕು. ಈ ಮಾತನ್ನು ಮೊದಲು ಆಡಿದ ಪುಣ್ಯಾತ್ಮ ಎಲ್ಲಾದರೂ ಸಿಕ್ಕರೆ, ಜುಲೈ ತಿಂಗಳ ಒಂದು ರಾತ್ರಿ ಅವನನ್ನು ಮೌಂಟ್ ರಾಸ್ಕಿಲ್‌ನ ಹಳೇ ಮನೆಯೊಂದರ ದಕ್ಷಿಣದ ಕೋಣೆಯಲ್ಲಿ, ಒಂದು ಸೋಲಾಪುರದ ಚಾದರ ಕೊಟ್ಟು ಮಲಗಿಸಬೇಕು ಎಂಬುದು ನನ್ನ ಬಹುದಿನದ ಆಸೆ.

ಇದಕ್ಕೆ ತದ್ವಿರುದ್ಧದ ಪಂಗಡವೂ ಉಂಟು. ಅವರಿಗೆ ಫಾರಿನ್ ಎಂದರೆ ಹಿಮ. ಕೆನಡಾಕ್ಕೆ ಹೋಗುವವರ ಹಾಗೆ ದಪ್ಪ ಜಾಕೆಟ್ಟು, ಮೊಣಕಾಲುದ್ದದ ಬೂಟು ಹೊತ್ತು ಬಂದಿಳಿಯುತ್ತಾರೆ. ಆಕ್ಲೆಂಡ್ ನಗರದ ಮೇಲೆ 2011ರ ಆಗಸ್ಟಿನಲ್ಲಿ ದಶಕಗಳ ನಂತರ ಒಂದಿಷ್ಟು ಹಿಮ ಉದುರಿತೆಂದು ದೇಶವೆಲ್ಲ ಮಾತಾಡಿಕೊಂಡಿತ್ತು. ಹಿಮ ಬೇಕಾದವರು ರುವಾಪೆಹು ಪರ್ವತಕ್ಕೋ ಕ್ವೀನ್ಸ್‌ಟೌನಿಗೋ ಹೋಗಬೇಕು. ಈ ಪಂಗಡದವರಿಗೆ ದುಡ್ಡು ದಂಡ, ಸೂಟ್‌ಕೇಸಿನಲ್ಲಿ ಜಾಗ ದಂಡ, ಅಷ್ಟೇ. ಬೆಂಗಳೂರು ಪಂಗಡದವರಿಗೆ ಸಿಗುವುದು ಸೆಪ್ಟೆಂಬರ್ ಮುಗಿಯುವವರೆಗೆ ಬಿಡದ ಕೆಮ್ಮು.

ಬೆಂಗಳೂರು ಪಂಗಡದವರು ಹೇಳುವುದು ಪೂರ್ತಿ ಸುಳ್ಳಾಗಿದ್ದರೆ ಕೆಲಸ ಸುಲಭವಿತ್ತು. ಜುಲೈನಲ್ಲಿ ಆಕ್ಲೆಂಡಿನ ರಾತ್ರಿ ಸಾಮಾನ್ಯವಾಗಿ 7–8 ಡಿಗ್ರಿಗೆ ಇಳಿಯುತ್ತದೆ. ಬೆಂಗಳೂರಿನಲ್ಲೂ 1884ರ ಜನವರಿಯಲ್ಲಿ 7.8 ಡಿಗ್ರಿ ದಾಖಲಾಗಿದೆ. "ನಾವೇನು ಚಳಿ ಕಾಣದವರಾ" ಎಂದು ವಾದಿಸುವವರಿಗೆ ಅಂಕಿ ಸಿಕ್ಕಿತು. ಆದರೆ ಬೆಂಗಳೂರಿನ ಜನವರಿಯಲ್ಲಿ ಹಗಲು 27 ಡಿಗ್ರಿ ಮುಟ್ಟುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ ಹಗಲಿಡೀ ಬಿಸಿಲು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಡುತ್ತವೆ. ಹೊರಗೆ 15 ಇದ್ದರೂ ಒಳಗೆ ಒಂದು ಹೊದಿಕೆ ಸಾಕು. ಆಕ್ಲೆಂಡಿನ ಜುಲೈಯಲ್ಲಿ ಹಗಲೇ 14–15. ಹೀರಿಕೊಳ್ಳಲು ಬಿಸಿಲಿಲ್ಲ. ಹೀರಿಕೊಳ್ಳುವ ಗೋಡೆಯೂ ಇಲ್ಲ, ಯಾಕೆಂದರೆ ಇಲ್ಲಿನ ಹಳೆಯ ಮನೆಗಳಲ್ಲಿ ಹೆಚ್ಚಿನವು ಮರದವು. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವುದು ಮನೆಯ ಹೊರಗಿನ ಕಥೆ. ವಿದ್ಯಾರ್ಥಿ ಮಲಗುವುದು, ಓದುವುದು, ಅಸೈನ್‌ಮೆಂಟ್ ಬರೆಯುವುದು ಒಳಗೆ.

ಆ ಒಳಗಿನ ಕಥೆಯನ್ನು ಕನ್ಸಲ್ಟೆನ್ಸಿಯವರು ಹೇಳುವುದಿಲ್ಲ. ನೂರು ವರ್ಷ ದಾಟಿದ ಮರದ ವಿಲ್ಲಾಗಳು, ಎರಡನೇ ಮಹಾಯುದ್ಧದ ಆಚೀಚೆ ಕಟ್ಟಿದ ಸರ್ಕಾರಿ ಮನೆಗಳು ಇಲ್ಲಿ ಇಂದಿಗೂ ಬಾಡಿಗೆಗಿವೆ. ನೆಲದ ಹಲಗೆಯ ಕೆಳಗೆ ಗಾಳಿ ಓಡಾಡುತ್ತದೆ, ಕಿಟಕಿಗೆ ಒಂದೇ ಪದರದ ಗಾಜು, ಚಾವಣಿ ಎತ್ತರ. ಹೊಸದಾಗಿ ಕಟ್ಟುವ ಮನೆಗೆ ಶಾಖ ತಡೆಯುವ ಪದರ, ಅಂದರೆ ಇನ್ಸುಲೇಷನ್, ಹಾಕಲೇಬೇಕು ಎಂಬ ನಿಯಮ ಬಂದದ್ದೇ 1978ರಲ್ಲಿ. ಕೆನಡಾದಲ್ಲಿ ಹೊರಗೆ ಮೈನಸ್ 20 ಇದ್ದರೂ ಮನೆಯೊಳಗೆ ಬನಿಯನ್ನಿನಲ್ಲಿ ಕೂರಬಹುದು, ಇಡೀ ಮನೆಯನ್ನು ಬಿಸಿ ಮಾಡುವ ವ್ಯವಸ್ಥೆ ಅಲ್ಲಿದೆ. ಇಲ್ಲಿನ ಸಾಮಾನ್ಯ ಮನೆಯಲ್ಲಿ ಅದಿಲ್ಲ. ಬೆಳಗಿನ ಏಳು ಗಂಟೆಗೆ ಹಾಸಿಗೆಯಲ್ಲೇ ಉಸಿರು ಹೊಗೆಯಾಡುತ್ತದೆ. ಕ್ಯಾಂಪಸ್ಸಿನಲ್ಲಿ ಕಳಚಿದ ಸ್ವೆಟರನ್ನು ಮನೆಗೆ ಬಂದ ಮೇಲೆ ಮತ್ತೆ ತೊಡುವವರನ್ನು ನೋಡಬೇಕಾದರೆ ಆಕ್ಲೆಂಡಿಗೇ ಬರಬೇಕು.

ಇದು ಹೊರಗಿನಿಂದ ಬಂದವರ ಗೊಣಗಾಟ ಅಂದುಕೊಳ್ಳಬೇಡಿ. ಒಟಾಗೋ ವಿಶ್ವವಿದ್ಯಾಲಯದ ಫಿಲಿಪ್ಪಾ ಹೌಡನ್-ಚಾಪ್‌ಮನ್ ಮತ್ತು ಸಂಗಡಿಗರು ಸುಮಾರು 1,350 ಕುಟುಂಬಗಳ ಹಳೇ ಮನೆಗಳನ್ನು ತೆಗೆದುಕೊಂಡು, ಅರ್ಧದಷ್ಟಕ್ಕೆ ಮೊದಲೇ ಇನ್ಸುಲೇಷನ್ ಹಾಕಿಸಿ ಹೋಲಿಸಿ ನೋಡಿದರು. 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಮಲಗುವ ಕೋಣೆಯ ಉಷ್ಣಾಂಶ ಏರಿದ್ದು ಅರ್ಧ ಡಿಗ್ರಿಯ ಆಸುಪಾಸು, ಅಷ್ಟಕ್ಕೇ ಉಬ್ಬಸ ಇಳಿಯಿತು, ಶಾಲೆ ಮತ್ತು ಕೆಲಸ ತಪ್ಪಿಸಿಕೊಳ್ಳುವುದು ಕಡಿಮೆಯಾಯಿತು. ಆಮೇಲೆ 2019ರಲ್ಲಿ ಬಾಡಿಗೆ ಮನೆಗಳಿಗೆ 'ಹೆಲ್ದಿ ಹೋಮ್ಸ್' ಎಂಬ ನಿಯಮಗಳು ಬಂದವು. 2025ರ ಜುಲೈ 1ರ ಹೊತ್ತಿಗೆ ಎಲ್ಲ ಬಾಡಿಗೆ ಮನೆಗಳೂ ಅವನ್ನು ಪಾಲಿಸಬೇಕಿತ್ತು.

"ಹಾಗಾದರೆ ಈಗ ಸರಿಹೋಯಿತಲ್ಲ" ಎನ್ನುವವರು ನಿಯಮವನ್ನು ಪೂರ್ತಿ ಓದಿಲ್ಲ. 18 ಡಿಗ್ರಿಗೆ ಏರಿಸಬಲ್ಲ ಹೀಟರ್ ಇರಬೇಕಾದ್ದು ಮನೆಯ ಮುಖ್ಯ ಹಾಲಿನಲ್ಲಿ. ಮಲಗುವ ಕೋಣೆಯಲ್ಲಿ ಅಲ್ಲ! ನಮ್ಮ ಹುಡುಗರು ಬಾಡಿಗೆ ಕೊಡುವುದೇ ಮಲಗುವ ಕೋಣೆಗೆ. ಅದರ ಮೇಲೆ, ಮಾಲೀಕರೇ ಅದೇ ಮನೆಯಲ್ಲಿ ವಾಸವಿದ್ದು ಒಂದು ಕೋಣೆ ಬಿಟ್ಟುಕೊಟ್ಟಿದ್ದರೆ ಬಾಡಿಗೆ ಕಾಯ್ದೆ ನಿಮ್ಮನ್ನು ಬಾಡಿಗೆದಾರ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. 'ನಮ್ಮವರ ಮನೆಯಲ್ಲೇ ಕೋಣೆ ಸಿಕ್ಕಿತು' ಎಂದು ಊರಿನಲ್ಲಿ ಸಂಭ್ರಮಿಸುವವರು ಇದನ್ನು ಸ್ವಲ್ಪ ಗಮನಿಸಬೇಕು.

ಚಳಿಯಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು, ಜೊತೆಗೆ ಥಂಡಿ ಇದೆ. ಆಕ್ಲೆಂಡ್ ನಿಂತಿರುವುದು ವೈಟೆಮಟಾ ಮತ್ತು ಮನುಕಾವ್ ಬಂದರುಗಳ ನಡುವಿನ ಕಿರಿದಾದ ನೆಲದ ಮೇಲೆ, ಎರಡೂ ಕಡೆ ನೀರು. ಮಳೆ ಹೆಚ್ಚು ಸುರಿಯುವುದೂ ಇದೇ ಚಳಿಗಾಲದಲ್ಲಿ. ಇದನ್ನು ಬೆಂಗಳೂರಿನ ಹುಡುಗನಿಗೆ ವಿವರಿಸುವುದು ಕಷ್ಟ, ತೀರ್ಥಹಳ್ಳಿಯವನಿಗೆ ಒಂದೇ ಮಾತು ಸಾಕು: ಇದು ಆಷಾಢದ ಮಲೆನಾಡು, ಆದರೆ ಬಚ್ಚಲ ಒಲೆ ಇಲ್ಲದ ಮಲೆನಾಡು. ಅಲ್ಲಿ ಅಜ್ಜಿ ಒದ್ದೆ ಬಟ್ಟೆಯನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುತ್ತಾಳೆ, ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಇಲ್ಲಿ ನಮ್ಮ ಇಂಜಿನಿಯರು ಮುಚ್ಚಿದ ಕೋಣೆಯೊಳಗೆ ಹಗ್ಗ ಕಟ್ಟಿ ಜೀನ್ಸ್ ಹರವುತ್ತಾನೆ. ಆ ನೀರೆಲ್ಲ ಗಾಳಿಗೆ ಸೇರಿ, ಕಿಟಕಿಯ ತಣ್ಣನೆ ಗಾಜಿನ ಮೇಲೆ ಬೆವರಾಗಿ, ಪರದೆಯ ಹಿಂದೆ ಕಪ್ಪು ಬೂಷ್ಟಾಗಿ ಬೆಳೆಯುತ್ತದೆ. ಕೋಣೆಗೆ ಬಂದು ಕೆಲವೇ ವಾರಗಳಲ್ಲಿ ಸೂಟ್‌ಕೇಸಿನ ಚರ್ಮದ ಬೆಲ್ಟಿನ ಮೇಲೂ ಅದು ಕಾಣಿಸಿಕೊಳ್ಳುತ್ತದೆ.

"ಕಿಟಕಿ ತೆಗೆಯಪ್ಪಾ" ಅಂದರೆ, "ಅಂಕಲ್, ಚಳಿ ಒಳಗೆ ಬರುತ್ತೆ" ಎಂಬ ಉತ್ತರ. ಬರಲಿ. ಬೆಳಿಗ್ಗೆ ಹತ್ತು ನಿಮಿಷ ತೆಗೆದಿಟ್ಟರೆ ರಾತ್ರಿಯಿಡೀ ಉಸಿರಾಡಿದ ಆವಿ ಹೊರಹೋಗುತ್ತದೆ, ಒಣಗಿದ ಕೋಣೆ ಬೇಗ ಬಿಸಿಯಾಗುತ್ತದೆ. ಅನ್ನಕ್ಕಿಟ್ಟ ಕುಕ್ಕರ್ ಸೀಟಿ ಹೊಡೆಯುವಾಗ ಒಲೆಯ ಮೇಲಿನ ಫ್ಯಾನ್ ಹಾಕುವುದಕ್ಕೂ ಇದೇ ಕಾರಣ. ಇದನ್ನು ಉಷ್ಣಬಲ ವಿಜ್ಞಾನದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದವರಿಗೆ ಹೇಳಬೇಕಾಗಿ ಬರುವುದು ವಿಚಿತ್ರ. ಎಲ್ಲಕ್ಕಿಂತ ಕೆಟ್ಟ ಉಪಾಯ, ಸೆಕೆಂಡ್ ಹ್ಯಾಂಡಾಗಿ ಅಗ್ಗಕ್ಕೆ ಸಿಗುವ, ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರು. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಕೋಣೆಗೇ ಸೇರುತ್ತದೆ, ಜೊತೆಗೆ ವಿಷಗಾಳಿಯ ಅಪಾಯ. ಮಲಗುವ ಕೋಣೆಯಲ್ಲಿ ಅದನ್ನು ಹಚ್ಚಲೇಬಾರದು.

ಹಾಗಾದರೆ ಏನು ಮಾಡಬೇಕು? ಖರ್ಚು ಲೆಕ್ಕ ಹಾಕಿ. ಎರಡು ಕಿಲೋವ್ಯಾಟ್ ಹೀಟರನ್ನು ಎಂಟು ಗಂಟೆ ಉರಿಸಿದರೆ 16 ಯೂನಿಟ್, ಅಂದರೆ ಒಂದು ರಾತ್ರಿಗೆ ಸುಮಾರು ಐದು ಡಾಲರ್. ಹಾಸಿಗೆಯ ಮೇಲೆ ಹಾಸುವ ಎಲೆಕ್ಟ್ರಿಕ್ ಬ್ಲ್ಯಾಂಕೆಟ್ಟಿಗೆ ಅದರ ಸಣ್ಣದೊಂದು ಪಾಲು ಸಾಕು. ಬಂದ ಮೊದಲ ವಾರವೇ ಅದನ್ನೊಂದು ಕೊಳ್ಳಿ. ದಪ್ಪ ಜಾಕೆಟ್ಟಿಗಿಂತ ತೆಳ್ಳಗಿನ ಎರಡು ಮೂರು ಉಣ್ಣೆಯ ಪದರ, ಉಣ್ಣೆಯ ಕಾಲುಚೀಲ, ಮಲಗುವಾಗ ಒಂದು ಟೊಪ್ಪಿ. ಛತ್ರಿಯ ಆಸೆ ಬಿಡಿ, ಕ್ವೀನ್ ಸ್ಟ್ರೀಟಿನ ಗಾಳಿ ಅದನ್ನು ಮೊದಲ ದಿನವೇ ಮುರಿಯುತ್ತದೆ.

ಇನ್ನು ದಿಕ್ಕು. ಕೋಣೆ ಹುಡುಕುವಾಗ ಊರಿನಿಂದ ವಾಸ್ತು ವಿಚಾರಿಸುತ್ತಾರೆ, ಪೂರ್ವದ ಬಾಗಿಲಿದೆಯಾ, ಆಗ್ನೇಯದಲ್ಲಿ ಅಡುಗೆಮನೆ ಇದೆಯಾ ಎಂದು. ದಕ್ಷಿಣಾರ್ಧಗೋಳದಲ್ಲಿ ಸೂರ್ಯ ಸಾಗುವುದು ಉತ್ತರದ ಆಕಾಶದಲ್ಲಿ. ಜೂನ್ ಕೊನೆಯಲ್ಲಿ ಆಕ್ಲೆಂಡಿನ ನಡುಮಧ್ಯಾಹ್ನವೂ ಅವನು ಉತ್ತರ ದಿಗಂತದಿಂದ 30 ಡಿಗ್ರಿಯಷ್ಟೇ ಮೇಲೆ. ದಕ್ಷಿಣಕ್ಕೆ ಕಿಟಕಿಯಿರುವ ಕೋಣೆಗೆ ಇಡೀ ಚಳಿಗಾಲ ಒಂದು ಗೆರೆ ಬಿಸಿಲೂ ಬೀಳುವುದಿಲ್ಲ, ಅದಕ್ಕೇ ಬಾಡಿಗೆ ಕಡಿಮೆ. ಕುಬೇರನ ದಿಕ್ಕು ಉತ್ತರವೇ ಆದ್ದರಿಂದ ವಾಸ್ತು ಪಂಡಿತರು ಇಲ್ಲಿ ಆಕಸ್ಮಿಕವಾಗಿ ಪಾಸಾಗುತ್ತಾರೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡುವುದಿಲ್ಲ. ತಿಂಡಿ ಡಿಕ್ಲೇರ್ ಮಾಡಿದರೆ ದಂಡ ಹಾಕುತ್ತಾರೆ ಎನ್ನುತ್ತಾರೆ. 400 ಡಾಲರ್ ದಂಡ ಬೀಳುವುದು ಡಿಕ್ಲೇರ್ ಮಾಡದವರಿಗೆ. ತಂಪು ದೇಶ, ಬಿಸಿಲು ಸುಡುವುದಿಲ್ಲ ಎನ್ನುತ್ತಾರೆ. ಚರ್ಮದ ಮೆಲನೋಮ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಇದೊಂದು. ಆಸ್ಪತ್ರೆ ಎಲ್ಲರಿಗೂ ಫ್ರೀ ಎನ್ನುತ್ತಾರೆ. ಮೆಟ್ಟಿಲ ಮೇಲೆ ಜಾರಿ ಬಿದ್ದರೆ 1974ರಿಂದ ನಡೆದು ಬಂದ ಅಪಘಾತ ಪರಿಹಾರ ಯೋಜನೆ ವಿದ್ಯಾರ್ಥಿಗೂ ನೆರವಾಗುತ್ತದೆ, ಆದರೆ ಥಂಡಿ ಕೋಣೆ ತಂದಿಟ್ಟ ಕೆಮ್ಮಿಗೆ ನಿಮ್ಮ ವಿಮೆಯೇ ಗತಿ. ಇಲ್ಲಿ ಫ್ಲಶ್ಶಿನ ನೀರು ಉಲ್ಟಾ ಸುತ್ತುತ್ತದೆ ಎಂಬುದನ್ನು ಬಂದ ಮೊದಲ ದಿನವೇ ಬಚ್ಚಲಲ್ಲಿ ನಿಂತು ವಿಡಿಯೋ ಮಾಡುವವರಿದ್ದಾರೆ. ಭೂಮಿಯ ತಿರುಗಾಟ ಚಂಡಮಾರುತವನ್ನು ತಿರುಗಿಸೀತು, ಕಮೋಡನ್ನಲ್ಲ.

ಪಾರ್ಟ್‌ಟೈಮ್ ಮಾಡಿ ಫೀಸು ಕಟ್ಟಿಕೊಳ್ಳುತ್ತಾನೆ ಎಂಬುದಕ್ಕೆ ಮಾತ್ರ ಒಂದು ಗುಣಾಕಾರ. 2025ರ ನವೆಂಬರಿನಿಂದ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 25 ಗಂಟೆ ದುಡಿಯಬಹುದು, ಮೊದಲು 20 ಇತ್ತು. 2025ರ ಏಪ್ರಿಲಿನಲ್ಲಿ ನಿಗದಿಯಾದ ಕನಿಷ್ಠ ವೇತನ ಗಂಟೆಗೆ 23.50 ಡಾಲರ್. ತೆರಿಗೆ ಕಳೆದು ವಾರಕ್ಕೆ ಐನೂರರ ಹತ್ತಿರ, ಅದೂ ಬಂದ ಕೂಡಲೇ ಕೆಲಸ ಸಿಕ್ಕರೆ, ಒಂದು ವಾರವೂ ತಪ್ಪದಿದ್ದರೆ. ತೆರಿಗೆ ಇಲಾಖೆಯ ಐಆರ್‌ಡಿ ನಂಬರ್ ಕೊಡದಿದ್ದರೆ ಸಂಬಳದಿಂದ ಶೇಕಡಾ 45 ಮುರಿಯುತ್ತಾರೆ. ವರ್ಷವಿಡೀ ಹಾಗೆ ದುಡಿದರೂ 26 ಸಾವಿರ ಮುಟ್ಟುವುದು ಕಷ್ಟ. ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಮಾಸ್ಟರ್ಸ್ ಫೀಸೊಂದೇ 40 ಸಾವಿರ ದಾಟುತ್ತದೆ. ಇನ್ನು ಅನ್ನ, ಬಾಡಿಗೆ?

ಇದರಲ್ಲಿ ಗುಟ್ಟು ಯಾವುದೂ ಇಲ್ಲ. ವೇತನ, ಗಂಟೆ, ಫೀಸು, ಮನೆಯ ನಿಯಮ ಎಲ್ಲವೂ ಸರ್ಕಾರದ, ವಿಶ್ವವಿದ್ಯಾಲಯದ ಪುಟಗಳಲ್ಲಿ ಯಾರು ಬೇಕಾದರೂ ಓದುವ ಹಾಗೆ ಇವೆ. ಓದುವುದಿಲ್ಲ. ಇಲ್ಲಿ ನೆಲೆಸಿರುವ ಚಿಕ್ಕಪ್ಪ ಹೇಳಿದರೆ 'ಅವರಿಗೆ ನಾವು ಬರೋದು ಇಷ್ಟವಿಲ್ಲ' ಎನ್ನುತ್ತಾರೆ. ಮೂವತ್ತು ಸೆಕೆಂಡಿನ ರೀಲ್‌ನಲ್ಲಿ ಬಾಡಿಗೆ ಕಾರಿನ ಮುಂದೆ ನಿಂತವನು ಹೇಳಿದರೆ ನಂಬುತ್ತಾರೆ. ವಲಸೆ ಸಲಹೆ ಕೊಡುವವರಿಗೆ ಪರವಾನಗಿ ಬೇಕೆಂದು ನ್ಯೂಜಿಲೆಂಡಿನಲ್ಲಿ 2007ರಿಂದ ಕಾನೂನಿದೆ. ಆದರೆ ಹೊರದೇಶದಲ್ಲಿ ಕುಳಿತು ವಿದ್ಯಾರ್ಥಿ ವೀಸಾ ಬಗ್ಗೆ ಮಾತ್ರ ಸಲಹೆ ಕೊಡುವವರಿಗೆ ಅದರಿಂದ ವಿನಾಯಿತಿ. ಅಂದರೆ ಜಯನಗರದ ಗಾಜಿನ ಕ್ಯಾಬಿನ್ನಿನಲ್ಲಿ ಟೈ ಕಟ್ಟಿ ಕೂತವನು ಆಕ್ಲೆಂಡಿನ ಹವೆ ಬೆಂಗಳೂರಿನದ್ದೇ ಎಂದರೆ ಯಾರೂ ಏನೂ ಕೇಳುವ ಹಾಗಿಲ್ಲ. ಒಂದೊಂದು ಪ್ರವೇಶಕ್ಕೂ ಕಾಲೇಜುಗಳಿಂದ ಕಮಿಷನ್ ಪಡೆಯುವವನು ಥಂಡಿ ಗೋಡೆಯ ಮಾತು ಯಾಕೆ ಎತ್ತುತ್ತಾನೆ? ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಸಮಿತಿ ಮಾಡಿದ ಕುಲಪತಿ ಎಚ್. ನರಸಿಂಹಯ್ಯನವರು ದುಡಿದ ಊರು ಇದೇ ಬೆಂಗಳೂರು. ಆ ಊರಿನ ಪದವೀಧರರು ಮೂವತ್ತು ಲಕ್ಷ ಸಾಲ ಮಾಡುವ ಮುಂಚೆ ಒಂದು ಗುಣಾಕಾರವನ್ನೂ ಮಾಡುವುದಿಲ್ಲ ಎಂದರೆ, ಸಮಿತಿಗೆ ಈಗಲೂ ಕೆಲಸವಿತ್ತು.

ಈ ವರ್ಷ ಹೊರಟವರಿಗೆ ಇಷ್ಟು. ವಿಡಿಯೋ ಕಾಲಿನಲ್ಲಿ ಕೋಣೆ ತೋರಿಸುವಾಗ ಟಿವಿ, ಸೋಫಾ ನೋಡಬೇಡಿ. ಪರದೆ ಸರಿಸಿ ಕಿಟಕಿಯ ಕಟ್ಟು ತೋರಿಸಲು ಹೇಳಿ, ಚಾವಣಿಯ ಮೂಲೆ ತೋರಿಸಲು ಹೇಳಿ, ಕಪ್ಪು ಚುಕ್ಕೆ ಇದೆಯೇ ನೋಡಿ. ಕಿಟಕಿ ಯಾವ ದಿಕ್ಕಿಗೆ, ಬಟ್ಟೆ ಒಣಗಿಸುವುದೆಲ್ಲಿ, ಕರೆಂಟ್ ಬಿಲ್ ಬಾಡಿಗೆಯಲ್ಲೇ ಸೇರಿದೆಯೋ ಇಲ್ಲವೋ ಕೇಳಿ. ಹಾಗೆಯೇ, 250 ಡಾಲರ್ ಅಂದಾಗ ಮನೆಯವರು ಪರವಾಗಿಲ್ಲ ಎಂದು ತಲೆಯಾಡಿಸುವ ಮುಂಚೆ ಅವರಿಗೆ ಹೇಳಿಬಿಡಿ: ಇಲ್ಲಿ ಬಾಡಿಗೆ ಹೇಳುವುದು ವಾರಕ್ಕೆ, ತಿಂಗಳಿಗಲ್ಲ.